ಜಲ್ವಾದ ಕನ್ನಡಿ

"ಅದೆಲ್ಲ ಸರಿ ಸಾರ್. ಆದ್ರೆ ಅವಳು ನಕ್ಕಿದ್ದು ಯಾಕೆ?"

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಯೀಮ್ ಕನ್ನಡಿ ಒರೆಸುತ್ತಿದ್ದ. ಹಳೇ ಪೇಪರು ಒದ್ದೆ ಮಾಡಿ ಒರೆಸಿದರೆ ಗಾಜು ಫಳಫಳ ಅನ್ನುತ್ತದೆ ಎಂದು ತಾಯಿ ಹೇಳುತ್ತಿದ್ದಳು. ಅನ್ನುತ್ತಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಹಿಂದಿನ ಪಾದರಸ ಬಿಟ್ಟು ಕಪ್ಪು ಚುಕ್ಕೆಗಳೆದ್ದಿದ್ದವು.

"ಯಾಕೆ ಅಂದ್ರೆ? ಅವನನ್ನ ನೋಡಿ ನಕ್ಕಳು."

"ಫ್ಲಾಟ್ ಆಯ್ತು ಸಾರ್." ಆ ಕಡೆ ಅಚ್ಯುತ್ ಏನೋ ಅಗಿಯುತ್ತಿದ್ದ. "ಹುಡುಗ ಕನ್ನಡೀಲಿ ಹುಡುಗೀನ ನೋಡ್ದ. ಅದೊಂದು ಶಾಟು. ಸೂಪರ್. ಉಲ್ಟಾ ಶಾಟ್ ಎಲ್ಲಿ? ಹುಡುಗಿ ಏನು ನೋಡಿದ್ಲು? ನಿಮ್ಮ ಸೀನಲ್ಲಿ ಅದೇ ಇಲ್ಲ. ಮೇಡಂನೇ ಕೇಳಿ ಸಾರ್, ಮನೇಲೇ ಇದಾರಲ್ಲ. ಸಂಜೆ ಪ್ರೊಡ್ಯೂಸರ್ ಮುಂದೆ ಕೂತ್ಕೋಬೇಕು ನಾನು."

ಅಚ್ಯುತ್ ಒಂದು ಕಾಲದಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿ. ಈಗ ಅವನ ಮೊದಲ ಸಿನಿಮಾ, ನಗಿಸುವ ಪ್ರೇಮಕತೆ. ಚಿಂತಾಮಣಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ, ಮನೆಯಲ್ಲಿ ಉರ್ದುವನ್ನೂ ಬಸ್ಸಿನಲ್ಲಿ ತೆಲುಗನ್ನೂ ಆಡುವ, ಯಾವುದರಲ್ಲಿ ಯೋಚಿಸುತ್ತೇನೆಂದು ತನಗೇ ಗೊತ್ತಿಲ್ಲದ ಮೇಷ್ಟ್ರನ್ನು ಅವನು ಯಾಕೆ ನೆನಪಿಟ್ಟುಕೊಂಡನೋ. "ಹೀರೋ ಹೀರೋಯಿನ್ ಮೊದಲು ಸಿಗೋ ಸೀನು ಒಂದು ಬರ್ಕೊಡಿ ಸಾರ್. ಅದು ಚೆನ್ನಾಗಿ ಕೂತ್ರೆ ಇಡೀ ಸಿನಿಮಾ ಡೈಲಾಗು ನಿಮ್ದೇ" ಎಂದಿದ್ದ.

ನಯೀಮ್ ಬರೆದಿದ್ದ. ಬಸ್ ಸ್ಟ್ಯಾಂಡಿನಲ್ಲಿ ಡಿಕ್ಕಿ, ನೆಲದ ಮೇಲೆ ಪುಸ್ತಕ. ನೋಡಿದ್ದೀವಿ ಸಾರ್. ಬೇರೆಯವರ ಕೊಡೆ. ಅದೂ ಆಗಿದೆ ಸಾರ್. ತಪ್ಪಿ ಬಂದ ಫೋನು. ಈಗ ಯಾರೂ ಎತ್ತಲ್ಲ ಸಾರ್. ಜಗತ್ತಿನಲ್ಲಿ ಗಂಡೂ ಹೆಣ್ಣೂ ಹೇಗೆಲ್ಲ ಸಿಗಬಹುದೋ ಹಾಗೆಲ್ಲ ಸಿಕ್ಕಿಯಾಗಿತ್ತು. ಕೊನೆಗೆ ಅವನ ಬಳಿ ಉಳಿದಿದ್ದು ತನ್ನದೊಂದೇ. ಅದನ್ನು ಬರೆದು ಕಳಿಸಿದ ಮೇಲೆ ಮನೆಯೊಳಗಿನಿಂದ ಯಾವುದೋ ಸಾಮಾನು ಹೊರಗೆ ಹಾಕಿದಂತೆ ಅನಿಸಿತ್ತು.

ನಿಖಾ ಆದ ಮೇಲೆ ಜಲ್ವಾ. ಅಲ್ಲಿಯವರೆಗೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಿರಬಾರದು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿ, ಮೇಲೆ ಕೆಂಪು ದುಪಟ್ಟಾ ಹೊದಿಸಿ, ಮುಂದೆ ಕನ್ನಡಿ ಹಿಡಿಯುತ್ತಾರೆ. ಕಣ್ಣು ಮುಚ್ಚಿ ಕೂತವಳಿಗೆ ಗಂಡು ಹೇಳಬೇಕು: ಬೀಬಿ, ಕಣ್ಣು ತೆರೆ, ನಾನು ನಿನ್ನ ಗುಲಾಮ. ಆಗ ಅವಳು ಕಣ್ಣು ಬಿಡುತ್ತಾಳೆ. ಮೊದಲ ನೋಟ ಗಾಜಿನಲ್ಲೇ.

ಶಿಡ್ಲಘಟ್ಟದ ಅವರ ಗಲ್ಲಿಯಲ್ಲಿ ಯಾರ ಮನೆ ಮದುವೆಯಾದರೂ ಕನ್ನಡಿ ಹೋಗುತ್ತಿದ್ದುದು ನಯೀಮನ ಮನೆಯಿಂದ. ತಾಯಿ ತವರಿನಿಂದ ತಂದದ್ದು. ಇವತ್ತು ಖಾಜಾ ಪೀರ್ ಮಗಳು ಸಾಬ್ರೀನಳ ಮದುವೆ.

ಕನ್ನಡಿಯನ್ನು ಗೋಡೆಗೆ ಒರಗಿಸಿ ಅವನು ಮುಂದಿನ ಕೋಣೆಗೆ ಬಂದ. ಹೆಂಡತಿ ಷಮೀಮ್ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿದ್ದಳು. ಮದುಮಗಳ ದುಪಟ್ಟಾದ ಅಂಚು ಇನ್ನೂ ಮುಗಿದಿರಲಿಲ್ಲ.

"ಷಮೀಮ್."

"ಹೂಂ."

"ಜಲ್ವಾದಲ್ಲಿ..."

"ಮೂರು ಗಂಟೆಗೆ. ಇದನ್ನ ಮಧ್ಯಾಹ್ನಕ್ಕೇ ಕೊಡ್ಬೇಕು. ಆ ಕೆಂಪು ಬಾಬಿನ್ ಕೊಡಿ."

ಕೊಟ್ಟ. "ನಮ್ಮ ಜಲ್ವಾದಲ್ಲಿ ಅಂದೆ."

ಮಿಷನ್ನು ನಿಲ್ಲಲಿಲ್ಲ. ನೆಲದ ಮೇಲೆ ಕೂತು ಬಳೆ ಜೋಡಿಸುತ್ತಿದ್ದ ಮಗಳು ರೂಬಿ ತಲೆಯೆತ್ತಿದಳು.

"ಅಬ್ಬಾ, ಮತ್ತೆ ಆ ಸ್ಟೋರಿನಾ? ಪ್ಲೀಸ್. ನಾನೇ ಹೇಳ್ತೀನಿ ಕೇಳಿ. ದಾದಿ, ಅಂದ್ರೆ ನಿಮ್ಮಮ್ಮ, ಕನ್ನಡಿ ಹಿಡ್ದಿದ್ರು. ಅಮ್ಮಿ ಕಣ್ಣು ಬಿಡ್ಲಿಲ್ಲ. ಗುಲಾಮ್ ಅಂದ್ರಿ. ಬಿಡ್ಲಿಲ್ಲ. ಮತ್ತೆ ಗುಲಾಮ್ ಅಂದ್ರಿ, ಬಾಯಲ್ಲಿ ಶಾಸ್ತ್ರದ ಕಲ್ಲುಸಕ್ಕರೆ, ಕೆಮ್ಮು ಬಂತು. ಮೂರನೇ ಸಲ ಗುಲಾಮ್. ಅಮ್ಮಿ ಕಣ್ಣು ಬಿಟ್ಟು ಸ್ಮೈಲ್ ಮಾಡಿದ್ರು. ದಿ ಎಂಡ್."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವಳಿಗೆ ಆ ದಿನದ ವಾಸನೆ ಗೊತ್ತಿಲ್ಲ. ಷಮೀಮಳ ತವರಿನ ನಡುಮನೆ. ಹಿಂದಿನ ಷೆಡ್ಡಿನಲ್ಲಿ ಬೆಳಗಿನವರೆಗೂ ರೇಷ್ಮೆಗೂಡು ಬೇಯಿಸಿದ ಹಬೆ. ಅದರ ಮೇಲೆ ಅತ್ತರು, ಮಲ್ಲಿಗೆ. ದುಪಟ್ಟಾದ ಕೆಳಗಿನ ಕೆಂಪು ಬೆಳಕು. ಕನ್ನಡಿ ಹಿಡಿದ ತಾಯಿಯ ಕೈ. ಆ ಕೆಂಪಿನಲ್ಲೇ ಒಂದು ಮುಖ ಮೂಡಿ, ಕಣ್ಣು ತೆರೆದು, ತುಟಿಯ ಎಡಗಡೆ ಮಾತ್ರ ನಕ್ಕಿತ್ತು. ತನ್ನನ್ನು ನೋಡಿ ಯಾರಾದರೂ ಹಾಗೆ ನಗಬಹುದೆಂದು ಅವನಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಆಮೇಲೆ ಹತ್ತೊಂಬತ್ತು ವರ್ಷ ಬಸ್ಸು, ಕಾಲೇಜು, ನೋಟ್ಸು. ಸ್ಟಾಫ್ ರೂಮಿನಲ್ಲಿ ತನ್ನ ಹೆಸರು ಕೇಳಿ "ಕನ್ನಡ ಮೇಷ್ಟ್ರಾ?" ಎಂದು ಹುಬ್ಬೇರಿಸಿದ ಪ್ರತಿ ಮುಖದೆದುರೂ ಅವನು ಒಳಗೊಳಗೇ ಆ ನಗುವನ್ನು ಮುಟ್ಟಿ ನೋಡಿಕೊಂಡಿದ್ದ. ಒಬ್ಬರಾದರೂ ನನ್ನನ್ನು ನೋಡಿದ್ದಾರೆ.

"ನೀನು ನಕ್ಕೆಯಲ್ಲ" ಎಂದ. "ಯಾಕೆ ನಕ್ಕೆ?"

ಮಿಷನ್ನು ನಿಂತಿತು. ಷಮೀಮ್ ದಾರವನ್ನು ಹಲ್ಲಲ್ಲಿ ಕಡಿದಳು.

"ಬೆಕ್ಕು."

"ಏನು?"

"ಬೆಕ್ಕು ಕಾಣಿಸ್ತು. ನಮ್ಮನೇಲಿ ಬಿಳೀದೊಂದಿತ್ತಲ್ಲ, ಮರಿ ಹಾಕಿತ್ತು. ಮದುವೆ ಗಲಾಟೇಲಿ ಒಂದು ಮರಿ ಕಾಣೆ. ಎರಡು ದಿನ ಹುಡುಕಿದ್ದೆ, ಮೆಹಂದಿ ಕೈಯಲ್ಲೇ. ಯಾರಿಗೆ ಹೇಳೋದು? ಮದುಮಗಳು ಬೆಕ್ಕು ಬೆಕ್ಕು ಅಂತ ಅಳ್ತಾಳೆ ಅಂತಾರೆ. ಕಣ್ಣು ಬಿಟ್ರೆ, ನಿಮ್ಮ ಅಮ್ಮ ಕನ್ನಡೀನ ಮೇಲಕ್ಕೆ ವಾಲಿಸಿದ್ರು, ಮೇಲಿನ ಅಂಚಲ್ಲಿ ಅಟ್ಟ ಕಾಣ್ತಾ ಇದೆ. ತೊಲೆ ಮೇಲೆ ಬೆಕ್ಕು ಹೋಗ್ತಾ ಇದೆ, ಮರೀನ ಕಚ್ಕೊಂಡು. ಸಿಕ್ತಲ್ಲಪ್ಪ ಅಂತ ನಗು ಬಂತು."

"ನಾನು?"

"ನೀವು ಕೆಳಗೆಲ್ಲೋ ಇದ್ರಿ ಅನ್ಸುತ್ತೆ. ಆಮೇಲೆ ನಮ್ಮ ಖಾಲಾ, ಚಿಕ್ಕಮ್ಮಂದಿರೆಲ್ಲ ಹೋ ಅಂದ್ರು, ನಾಚಿಕೆ ಆಗಿ ಮತ್ತೆ ಕಣ್ಣು ಮುಚ್ಕೊಂಡೆ."

ರೂಬಿ ಬಳೆಗಳ ಮೇಲೆಯೇ ಉರುಳಿ ನಕ್ಕಳು. "ಅಮ್ಮಿ! ಕ್ಯಾಟ್! ಅಬ್ಬಾ ಗುಲಾಮ್ ಗುಲಾಮ್ ಅಂತಿದಾರೆ, ನೀನು ಕ್ಯಾಟ್!" ಷಮೀಮಳೂ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ. ನಗಬೇಕಾದ ಜಾಗವೆಂದು ತಿಳಿದು ನಯೀಮನೂ ನಕ್ಕ. ತನ್ನ ನಗು ಉಳಿದೆರಡಕ್ಕಿಂತ ಸ್ವಲ್ಪ ಹೊತ್ತು ಜಾಸ್ತಿ ಉಳಿಯಿತೆಂದು ಅವನಿಗೆ ಗೊತ್ತಾಯಿತು.

"ಇಷ್ಟು ವರ್ಷ ನಾನು ಎಲ್ಲರಿಗೂ ಹೇಳ್ತಾ ಇದ್ದಾಗ..."

"ನೀವು ಕೇಳ್ಲಿಲ್ಲವಲ್ಲ." ಆಪಾದನೆಯೇನಿರಲಿಲ್ಲ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಚೆನ್ನಾಗಿ ಹೇಳ್ತೀರಿ. ಹೇಳ್ಲಿ ಅಂತ ಸುಮ್ನಿದ್ದೆ."

"ಹಾಗಾದ್ರೆ ನನ್ನನ್ನ ಮೊದಲು ನೋಡಿದ್ದು ಯಾವಾಗ?"

"ಅದಾ..."

ಸೂಜಿ ಗಾಳಿಯಲ್ಲಿ ನಿಂತಿತು. ತುಟಿಯ ಎಡಗಡೆ ಏನೋ ಎದ್ದಂತಾಯಿತು. ಹೊರಗೆ ಹಾರನ್ ಬಾರಿಸಿ, ಚಪ್ಪಲಿ ಬಿಡುತ್ತಲೇ ಖಾಜಾ ಪೀರ್ ಒಳಗೆ ಬಂದರು.

"ಎಲ್ಲಮ್ಮಾ ದುಪಟ್ಟಾ? ಇನ್ನೂ ಆಗಿಲ್ವಾ? ಏ ನಯೀಮ್, ನಿನ್ನ ಸಿನಿಮಾದಲ್ಲಿ ಹೆಣ್ಣಿನ ಅಪ್ಪನ ಪಾರ್ಟು ನನಗೇ ಕೊಡ್ಸಪ್ಪ. ಬೆಳಿಗ್ಗೆಯಿಂದ ರಿಹರ್ಸಲ್ ಆಗ್ತಿದೆ, ಎಲ್ಲರೂ ಬೈತಿದಾರೆ. ಕನ್ನಡಿ ತರೋದು ಮರೀಬೇಡ. ಗಂಡು ಹೆಣ್ಣು ಒಂದು ವರ್ಷದಿಂದ ವಿಡಿಯೋ ಕಾಲಲ್ಲೇ ಇದಾರೆ ಬಿಡು, ಆದ್ರೂ ಇರ್ಲಿ."

ಮಿಷನ್ನು ಮತ್ತೆ ಶುರುವಾಯಿತು.

ಚಿಂತಾಮಣಿ ರಸ್ತೆಯ ಷಾದಿಮಹಲಿನಲ್ಲಿ ನಿಖಾ ಆಯಿತು, ಊಟ ಆಯಿತು. ಹೆಂಗಸರ ಕಡೆಗೆ ಕಟ್ಟಿದ ಪರದೆಯ ಹೊರಗೆ, ಬಿರಿಯಾನಿ ಪಾತ್ರೆಗಳ ಪಕ್ಕ, ನಯೀಮ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕನ್ನಡಿ ಒಳಗೆ ಹೋಗಿತ್ತು. ಫೋನು ಅದುರಿತು.

"ಕೇಳಿದ್ರಾ ಸಾರ್?"

ಸುಳ್ಳು ಹೇಳಬಹುದಿತ್ತು. ಅವನ ಮುಖ ನೋಡಿದಳು, ಪರಿಚಿತ ಅನಿಸಿತು, ನಕ್ಕಳು, ಇನ್ನೇನಾದರೂ. ಸಿನಿಮಾ ಅಂದರೆ ಅದೇ. ಆದರೆ ಬೆಳಿಗ್ಗೆಯಿಂದ ಅವನಿಗೆ ಒಂದೇ ಒಂದು ವಾಕ್ಯವೂ ಹೊಳೆದಿರಲಿಲ್ಲ.

"ಬೆಕ್ಕು ನೋಡಿದಳಂತೆ" ಎಂದ.

ಪೂರ್ತಿ ಹೇಳಿದ. ಆ ಕಡೆ ಮೇಜು ಬಡಿದ ಸದ್ದು.

"ಸಾರ್! ಬೆಕ್ಕು! ನೀವು ಜೀನಿಯಸ್ ಸಾರ್! ಅವನು ಇಲ್ಲಿ ಪ್ರಾಣ ಬಿಡ್ತಾ ಇದಾನೆ, ಅವಳಿಗೆ ಬೆಕ್ಕು! ಇದಲ್ವಾ ಕಾಮಿಡಿ! ಈಗ್ಲೇ ಹೇಳ್ತೀನಿ, ಡೈಲಾಗು ನಿಮ್ದೇ ಸಾರ್. ಒಂದೇ ಒಂದು ಚೇಂಜು, ಬೇಜಾರು ಮಾಡ್ಕೋಬೇಡಿ. ಈ ಜಲ್ವಾ ಗಿಲ್ವಾ ಬೇಡ. ನಾರ್ಮಲ್ ಫ್ಯಾಮಿಲಿ ಮಾಡೋಣ. ಹೆಣ್ಣು ನೋಡೋ ಶಾಸ್ತ್ರ, ಕಾಫಿ, ಉಪ್ಪಿಟ್ಟು. ಕನ್ನಡಿ ಬದಲು ಸೆಲ್ಫಿ."

"ನಾರ್ಮಲ್."

"ಹೂಂ ಸಾರ್. ಎಲ್ರಿಗೂ ಕನೆಕ್ಟ್ ಆಗ್ಬೇಕಲ್ಲ."

"ಬೆಕ್ಕು ಇರುತ್ತಾ?"

"ಬೆಕ್ಕೇ ಸಾರ್ ಸೀನು!"

"ಮತ್ತೆ ಹೀರೋ?"

"ಹೀರೋ ಇರ್ತಾನೆ ಸಾರ್. ಔಟ್ ಆಫ್ ಫೋಕಸ್."

ಪರದೆಯ ಒಳಗೆ ಗಲಾಟೆ ಎದ್ದಿತು. ಗಂಡು ಶುರು ಮಾಡಿದ: "ಬೀಬಿ, ಕಣ್ಣು..." ಸಾಬ್ರೀನ್ ಮುಗಿಸಲು ಬಿಡಲಿಲ್ಲ. "ಬಿಟ್ಟೇ ಇದೀನಿ ಕಣೋ. ಲಿಪ್‌ಸ್ಟಿಕ್ ಹಲ್ಲಿಗೆ ಹತ್ತಿದೆಯಾ ನೋಡು ಸ್ವಲ್ಪ." ಹೆಂಗಸರ ನಗು ಪರದೆಯನ್ನು ಉಬ್ಬಿಸಿತು. ಆ ನಗುವಿನಲ್ಲಿ ಷಮೀಮಳದು ಯಾವುದೆಂದು ನಯೀಮ್ ಕಿವಿಗೊಟ್ಟು ಕೇಳಿದ. ಗುರುತು ಸಿಗಲಿಲ್ಲ. ತನ್ನ ಗಂಟಲಲ್ಲಿ ಅವತ್ತು ಕರಗದೆ ನಿಂತಿದ್ದ ಕಲ್ಲುಸಕ್ಕರೆಯ ಚೂರು ಮಾತ್ರ ಚೆನ್ನಾಗಿ ನೆನಪಿತ್ತು.

ನಾಲ್ಕೂವರೆಗೆ ಹೊರಟರು. ರೂಬಿ ಸಾಬ್ರೀನಳ ಜೊತೆ ಉಳಿದಳು. ಕನ್ನಡಿಗೆ ಸುತ್ತಿ ತಂದಿದ್ದ ಚಾದರವನ್ನು ಒಳಗೆ ಯಾರೋ ಮಗುವಿಗೆ ಹಾಸಿದ್ದರು, ಸಿಗಲಿಲ್ಲ. ಷಮೀಮ್ ಸ್ಕೂಟರಿನ ಹಿಂದೆ ಕೂತು ಕನ್ನಡಿಯನ್ನು ಇಬ್ಬರ ನಡುವೆ ನಿಲ್ಲಿಸಿಕೊಂಡಳು. ಹಿಂಬದಿಯ ಹಲಗೆಯ ಮೊಳೆ ಇವನ ಶರಟಿಗೆ ಸಿಗುತ್ತದೆಂದು ಅದನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು. ಗಾಜು ಅವನ ಬೆನ್ನಿಗೆ.

"ಅಚ್ಯುತ್ ಒಪ್ಕೊಂಡ" ಎಂದ ನಯೀಮ್, ಗಾಡಿ ರಸ್ತೆಗೆ ಇಳಿಸುತ್ತ.

"ಒಳ್ಳೇದಾಯ್ತಲ್ಲ."

"ಬೆಕ್ಕು ತುಂಬಾ ಹಿಡಿಸ್ತು."

"ಪಾಪ, ಅದು ಸತ್ತು ಎಷ್ಟು ವರ್ಷ ಆಯ್ತೋ."

ರಸ್ತೆ ಅಗಲ ಮಾಡಲು ಅಗೆದಿದ್ದರು. ಮುಂದೆ ಹಿಪ್ಪುನೇರಳೆ ಸೊಪ್ಪು ತುಂಬಿದ ಟೆಂಪೋ. ಅದು ಎಬ್ಬಿಸಿದ ಕೆಂಪು ಧೂಳು ಬಿಸಿಲಲ್ಲಿ ದುಪಟ್ಟಾದ ಹಾಗೆ ತೇಲುತ್ತಿತ್ತು. ಬೆಳಿಗ್ಗೆ ಗಾಳಿಯಲ್ಲಿ ನಿಂತ ಸೂಜಿ ಇನ್ನೂ ನಿಂತೇ ಇತ್ತು. ಅವಳ ಮುಖ ನೋಡಿಕೊಂಡೇ ಕೇಳೋಣವೆಂದು ನಯೀಮ್ ಹ್ಯಾಂಡಲ್ಲಿನ ಪುಟ್ಟ ಕನ್ನಡಿಯನ್ನು ತಿರುಗಿಸಿದ. ಅದರಲ್ಲಿ ದೊಡ್ಡ ಕನ್ನಡಿ ಕಂಡಿತು. ದೊಡ್ಡ ಕನ್ನಡಿಯಲ್ಲಿ ಒಂದು ಹೆಲ್ಮೆಟ್ಟಿನ ಹಿಂಭಾಗ. ಯಾರದೋ ಬೆನ್ನು. ಸ್ವಲ್ಪ ಹೊತ್ತಿನ ಮೇಲೆ ಅದು ತನ್ನದೆಂದು ತಿಳಿಯಿತು.

"ಷಮೀಮ್."

"ಹೂಂ."

"ಬೆಳಿಗ್ಗೆ ಹೇಳ್ತಾ ಇದ್ದೆಯಲ್ಲ. ನನ್ನನ್ನ ಮೊದಲು ನೋಡಿದ್ದು..."

ಟೆಂಪೋ ಹಾರನ್ ಬಾರಿಸಿತು.

"ಏನು?"

"ನನ್ನನ್ನ. ಮೊದಲು. ನೋಡಿದ್ದು."

"ಕೇಳಿಸ್ತಾ ಇಲ್ಲ. ಮುಂದೆ ನೋಡಿ ಓಡ್ಸಿ ರೂಬಿ ಅಬ್ಬಾ."

"ಕನ್ನಡೀನ ಸ್ವಲ್ಪ ಇಳಿಸ್ತೀಯಾ? ನಿನ್ನ ಮುಖ ಕಾಣ್ತಿಲ್ಲ."

"ಇಳಿಸಿದ್ರೆ ಜಾರುತ್ತೆ. ಧೂಳು ಬೇರೆ. ನಾನು ಕಣ್ಣು ಮುಚ್ಕೊಂಡಿದೀನಿ."

ಅದಕ್ಕೆ ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು. ಅವತ್ತು ಜಲ್ವಾದಲ್ಲಿ ಮೂರು ಸಲ ಹೇಳಿದ್ದ. ಅದೇ ಕ್ರಮದಲ್ಲಿ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದರೆ ಮಣ್ಣು.

ರಸ್ತೆಯಲ್ಲೊಂದು ಹಂಪು ಬಂತು. ಹಿಂದೆ ಕನ್ನಡಿ ಮೇಲಕ್ಕೆ ವಾಲಿತು, ತಾಯಿಯ ಕೈಯಲ್ಲಿ ವಾಲಿದ ಹಾಗೆ. ಅವನ ಬೆನ್ನೂ ಅದರಿಂದ ಜಾರಿಹೋಯಿತು. ಗಾಜಿನ ತುಂಬ ಬರೀ ಬಿಳೀ ಆಕಾಶ, ಕೆಳಗಿನ ಮೂಲೆಯಲ್ಲಿ ಆ ಕಪ್ಪು ಚುಕ್ಕೆಗಳು. ಮೇಲಿನ ಅಂಚಿನಲ್ಲಿ ಏನಾದರೂ ಹಾದುಹೋಗುತ್ತದೇನೋ ಎಂದು, ಮುಂದಿನ ರಸ್ತೆಯನ್ನು ಬಿಟ್ಟು ಅದನ್ನೇ ನೋಡುತ್ತ ಅವನು ಗಾಡಿ ಓಡಿಸಿದ.