ಪಕ್ಕದ ಗುಂಡಿ

ಬೆಳಿಗ್ಗೆ ಏಳಕ್ಕೆ ಹೊಲಿಗೆಯಮ್ಮನ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಲೇ ಇಲ್ಲ. ಭುಜ ಕೊಟ್ಟು ನೂಕಿದಳು. ಚೌಕಟ್ಟೇ ಓರೆಯಾಗಿತ್ತು. ಮೊನ್ನೆ ಸೂಜಿ ತೂರುವಷ್ಟಿದ್ದ ಗೋಡೆಯ ಬಿರುಕಿನಲ್ಲಿ ಈಗ ಹೆಬ್ಬೆರಳು ಹಿಡಿಸುತ್ತಿತ್ತು.

ಎರಡು ವರ್ಷದ ಹಿಂದೆ ಅಡುಗೆಮನೆಯ ಕಿಟಕಿಯಿಂದ ಹೊಲ ಕಾಣುತ್ತಿತ್ತು. ಊರು ಹಬ್ಬುತ್ತಾ ಹಬ್ಬುತ್ತಾ ಬಂದು, ಈಗ ಗೋಡೆಗೆ ಅಂಟಿಕೊಂಡೇ ಹತ್ತು ಅಂತಸ್ತಿನ ಕಟ್ಟಡಕ್ಕೆ ಮೂರಾಳುದ್ದದ ಗುಂಡಿ ತೋಡಿದ್ದರು.

"ಅತ್ತೆ, ಏಳಿ. ಹೊರಗೆ ಹೋಗೋಣ."

"ಮುಖ ತೊಳೀದೇ ಬೀದಿಗೆ ಬರ್ಲಾ? ನೋಡ್ದೋರು ಏನಂದಾರು?"

"ಬದುಕಿದ್ರೆ ತಾನೇ ಅನ್ನಿಸ್ಕೊಳ್ಳೋದು!"

ನಡೆಯಲಾರದ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಎದುರಿನ ಔಷಧಿ ಅಂಗಡಿಯ ಜಗುಲಿಗೆ ಸೇರಿಸಿದಳು. ಹೊಟ್ಟೆಪಾಡಿನ ಹೊಲಿಗೆ ಯಂತ್ರವನ್ನೂ ಸಾಗಿಸಿದಳು. ಆಮೇಲೆ ಗುಂಡಿಯ ಕಡೆ ಓಡಿದಳು.

"ಪರವಾನಗಿ ಇದೆ ಕಣಮ್ಮ," ಎಂದ ಮೇಲ್ವಿಚಾರಕ, ಫೋನಿನಿಂದ ಕಣ್ಣೆತ್ತದೆ. "ಹಳೇ ಮನೆ ಅಂದ್ಮೇಲೆ ಬಿರುಕು ಬಿಡುತ್ತೆ. ಸಂಜೆ ಬಂದು ನೋಡ್ತೀನಿ."

ಇವನ ಹತ್ತಿರ ಮಾತಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಸರಸರನೆ ಗುಂಡಿಗಿಳಿದು ಮಣ್ಣಗೆಯುವ ಯಂತ್ರದ ಮುಂದೆ ನಿಂತುಬಿಟ್ಟಳು. ಚಾಲಕ ಗಾಬರಿಯಾಗಿ ಎಂಜಿನ್ ಆರಿಸಿದ. ಸದ್ದು ನಿಂತದ್ದೇ ತಡ, ಇನ್ನೊಂದು ಸದ್ದು ಕೇಳಿಸಿತು. ಅವಳ ಮನೆಯ ಬುಡದಿಂದ ಮಣ್ಣು ಬುಳಬುಳನೆ ಉದುರುತ್ತಿತ್ತು.

"ಅಕ್ಕಾ, ಮನೇಲಿ ಯಾರಾದ್ರೂ ಇದ್ದಾರಾ?" ಚಾಲಕ ಕೇಳಿದ.

"ಯಾರೂ ಇಲ್ಲ..." ಎಂದವಳು ತಟ್ಟನೆ ಮಹಡಿಯತ್ತ ತಲೆಯೆತ್ತಿದಳು. "ಅಯ್ಯೋ, ಮಹಡೀಲಿ ಬಾಡಿಗೆಗಿರೋ ನರ್ಸ್! ರಾತ್ರಿ ಪಾಳಿ ಮುಗಿಸ್ಕೊಂಡು ಆರಕ್ಕೇ ಬಂದು ಮಲಗಿದ್ದಾಳೆ!"

"ಕೆಲಸ ಬಿಟ್ಟು ಹೋದ್ರೆ ತಿರುಗಿ ಬರಬೇಡ!" ಮೇಲ್ವಿಚಾರಕ ಕೂಗಿದ. ಚಾಲಕ ಆಗಲೇ ಓಡುತ್ತಿದ್ದ.

ಮೆಟ್ಟಿಲು ಕಾಲಡಿ ಅದುರುತ್ತಿತ್ತು. ಹೊಲಿಗೆಯಮ್ಮ ಬಾಗಿಲು ಬಡಿದಳು, ಹೆಸರು ಹಿಡಿದು ಕಿರುಚಿದಳು. ಉತ್ತರವಿಲ್ಲ. ಚಾಲಕ ಎರಡು ಸಲ ಒದ್ದ ಮೇಲೆ ಚಿಲಕ ಕಿತ್ತು ಬಂತು. ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದ ಹುಡುಗಿಯನ್ನು ಕೈ ಹಿಡಿದು ದರದರನೆ ಎಳೆದುಕೊಂಡು ಬಂದರು. ಬೀದಿ ದಾಟುವಷ್ಟರಲ್ಲಿ ಮನೆಯ ಹಿಂಭಾಗ ಮಹಡಿ ಸಮೇತ ಗುಂಡಿಗೆ ಕುಸಿಯಿತು. ಧೂಳಿನಲ್ಲಿ ಯಾರಿಗೂ ಯಾರ ಮುಖವೂ ಕಾಣಲಿಲ್ಲ.

ಧೂಳು ಇಳಿದಾಗ ನರ್ಸ್ ಬರಿಗಾಲಲ್ಲೇ ನಿಂತು ಕೇಳಿದಳು, "ಯಾವಾಗ ಗೊತ್ತಾಯ್ತು ಅಕ್ಕಾ ನಿಮಗೆ?"

"ಏಳು ಗಂಟೆಗೆ."

ಆಗ ಎಂಟು ದಾಟಿತ್ತು.

ಅತ್ತೆ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದರು. ಹೊಲಿಗೆಯಮ್ಮ ತಡೆದಳು. "ನಿನ್ನ ನೆನಪೇ ಬರ್ಲಿಲ್ಲ ಕಣೇ," ಎಂದಳು.

ನರ್ಸ್ ತಾನು ಹಿಡಿದಿದ್ದ ಹೊಲಿಗೆಯಮ್ಮನ ಕೈಯನ್ನು ಬಿಡಲಿಲ್ಲ.