ಬೆಳ್ಳುಳ್ಳಿ ನಾರುವ ಕಲ್ಲು

"ಬಾಯಿ ತೆಗಿ. ಇನ್ನೂ ಅಗಲಕ್ಕೆ ತೆಗಿಯೇ, ಕತ್ತೆಮುಂಡೆ. ನಾಲಿಗೆ ಎತ್ತು."

ಕುಲ್ಯಾಶ್ ನಾಲಿಗೆ ಎತ್ತಿದಳು. ಕಾವಲಿನ ಮುಖ್ಯಸ್ಥ ಸಾದಿಕೋವ್ ಟಾರ್ಚು ಬಿಟ್ಟು ಒಳಗೆ ಇಣುಕಿದ. ಮಧ್ಯಾಹ್ನ ತಿಂದ ರೊಟ್ಟಿಯ ಚೂರೊಂದು ದವಡೆಯಲ್ಲಿ ಉಳಿದಿತ್ತು. ಬೆರಳು ಹಾಕಿ ಅದನ್ನೂ ಕೆದಕಿ ನೋಡಿದ.

"ಸಿಕ್ತಾ ಸಾಹೇಬ್ರೇ?" ಹಿಂದೆ ಸಾಲಿನಲ್ಲಿದ್ದ ದಾಮೇಶ್ ಕೇಳಿದಳು. "ಸಿಗ್ಲಿಲ್ಲ ಅಂದ್ರೆ ನನ್ ಬಾಯಿ ನೋಡಿ. ಹಲ್ಲು ಉದುರಿ ಹೋಗ್ಯಾವೆ, ಜಾಗ ಜಾಸ್ತಿ ಐತೆ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಸಾದಿಕೋವ್ ನಗಲಿಲ್ಲ. ಕಿಜಿಲ್‌ಕುಮ್ ಮರಳುಗಾಡಿನ ಆ ಚಿನ್ನದ ಗಣಿಯ ಗೇಟಿನಲ್ಲಿ ನಾಲ್ಕು ವರ್ಷದಿಂದ ದಿನವೂ ಸಂಜೆ ಅವನು ಹೆಂಗಸರ ಬಾಯಿ ನೋಡುತ್ತಿದ್ದ, ತಲೆವಸ್ತ್ರ ಕೊಡವುತ್ತಿದ್ದ, ಬೂಟು ಕುಟ್ಟಿಸುತ್ತಿದ್ದ. ಒಂದು ಟನ್ ಕಲ್ಲು ಅರೆದರೆ ಉಗುರಿನ ಮೇಲೆ ಕೂರುವಷ್ಟು ಚಿನ್ನ ಸಿಗುವ ಜಾಗ ಅದು. ಆ ಚಿನ್ನವನ್ನು ಕಣ್ಣಾರೆ ಕಂಡವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಹೆಂಗಸರು ಅದನ್ನು ನಾಲಿಗೆಯಡಿ ಇಟ್ಟುಕೊಂಡು ಹೋಗುತ್ತಾರೆಂಬ ಅವನ ನಂಬಿಕೆ ಒಂದು ದಿನವೂ ಅಲುಗಾಡಿರಲಿಲ್ಲ.

ಕುಲ್ಯಾಶಳ ಊಟದ ಚೀಲದೊಳಗೆ ಅವನ ಕೈ ಹೋಯಿತು. ಹೊರಗೆ ಬಂದಾಗ ಮುಷ್ಟಿಗಾತ್ರದ ಕಲ್ಲೊಂದು ಕೈಯಲ್ಲಿತ್ತು. ಬೋರ್ ಕೊರೆದಾಗ ನೆಲದಾಳದಿಂದ ಕೋಲಿನಂತೆ ಉದ್ದಕ್ಕೆ ಬರುವ ಕಲ್ಲಿನ ತುದಿಯ ತುಂಡು ಅದು. ಕಪ್ಪು ಮೈಮೇಲೆ ಹಳದಿ ಚುಕ್ಕಿಗಳು ಮುಳುಗುವ ಬಿಸಿಲಿಗೆ ಫಳಫಳ ಹೊಳೆದವು.

"ಸಿಕ್ತು!" ಸಾದಿಕೋವ್ ಹೆರಿಗೆಮನೆ ಬಾಗಿಲಲ್ಲಿ ನಿಂತ ತಂದೆಯ ಹಾಗೆ ಕೂಗಿದ. "ಸಿಕ್ತು ನೋಡ್ರೋ!"

"ಮೊಸರಿನ ಗಂಟಿನ ಮ್ಯಾಲೆ ಇಡಾಕೆ ತಗಂಡೆ ಸಾಹೇಬ್ರೇ. ಕಸದ ಗುಡ್ಡೇದು."

ಅವಳು ಹೇಳಿದ್ದು ನಿಜ. ಹೆಂಗಸರು ಕಲ್ಲು ಸೀಳುವ ಶೆಡ್ಡಿನ ಹಿಂದೆ ಇಂಥ ತುಂಡುಗಳ ಗುಡ್ಡೆಯೇ ಇತ್ತು. ಕಾಲೊನಿಯ ಪ್ರತಿ ಮನೆಯಲ್ಲೂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಬಸಿಯಲು ಮೇಲೆ ಅಂಥದ್ದೊಂದು ಕಲ್ಲು ಹೇರಿ, ಆಮೇಲೆ ಉಂಡೆ ಕಟ್ಟಿ ಒಣಗಿಸುತ್ತಿದ್ದರು. ಸಾದಿಕೋವನ ಆಫೀಸಿನ ಬಾಗಿಲು ಗಾಳಿಗೆ ಬಡಿಯದಂತೆ ತಡೆದದ್ದೂ ಅದೇ ಗುಡ್ಡೆಯ ಕಲ್ಲು. ಅದನ್ನು ದಾಟಿಯೇ ಅವನು ಕುಲ್ಯಾಶಳನ್ನು ಒಳಗೆ ನೂಕಿದ.

ಭೂವಿಜ್ಞಾನಿ ಬಖ್ತಿಯಾರನನ್ನು ಕರೆಸಿದರು. ತಾಷ್ಕೆಂಟಿನವನು, ಮೂವತ್ತರ ಆಸುಪಾಸು, ಮರಳುಗಾಡಿನಲ್ಲೂ ಬೂಟಿಗೆ ಪಾಲಿಶ್ ಹಾಕುವವನು. ಅವನು ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿದ. ಅದು ಬರೀ ಪೈರೈಟ್, ಕಬ್ಬಿಣ ಗಂಧಕದ ಹರಳು ಎನ್ನುವುದು ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಕುಲ್ಯಾಶಳಿಗೂ ಗೊತ್ತಾಯಿತು. ಹೊಳೆಯುವುದರಲ್ಲಿ ಏನೂ ಇರುವುದಿಲ್ಲ, ಇರುವುದು ಮಂಕಾದ ಮಸಿಯಂಥ ಕಲ್ಲಿನಲ್ಲಿ ಎಂದು ತಾನು ಇಲ್ಲಿಗೆ ಬಂದ ಮೊದಲ ದಿನವೇ ಹೆಂಗಸರಿಗೆ ಪಾಠ ಹೇಳಿದ್ದವನು ಅವನೇ.

ಬಖ್ತಿಯಾರ್ ಸಾದಿಕೋವನ ಮುಖ ನೋಡಿದ. ಯಾರ ಕೋಣೆಗೆ ಎಷ್ಟು ಮದ್ಯದ ಬಾಟಲಿ ಬಂತೆಂದು ತಾಷ್ಕೆಂಟಿಗೆ ಬರೆದು ಕಳಿಸುವವನು ಈ ಸಾದಿಕೋವ್.

"ಲ್ಯಾಬಿಗೆ ಕಳಿಸಿ ನೋಡಬೇಕು," ಎಂದ ಬಖ್ತಿಯಾರ್.

"ಲ್ಯಾಬಿಂದ ಬರೋಕೆ ತಿಂಗಳಾಗುತ್ತೆ. ಏ ಮುಂಡೇದೇ, ಚಿನ್ನ ಕದ್ದೆ ಅಂತ ಬಾಯಿಬಿಟ್ಟು ಹೇಳು."

"ಹಳದಿ ಕದ್ದಿಲ್ಲ ನಾನು."

"ಹಳದಿ ಏನೇ ಹಳದಿ? ಚಿನ್ನ ಅನ್ನು!"

ಕುಲ್ಯಾಶ್ ಬಾಯಿ ಮುಚ್ಚಿ ನಿಂತಳು. ಅವಳ ಮಾವನ ಹೆಸರು ಅಲ್ತಿನ್‌ಬಾಯ್. ಅಲ್ತಿನ್ ಎಂದರೆ ಚಿನ್ನವೇ. ಕಜಾಕರ ಸೊಸೆ ಮಾವನ ಹೆಸರು ಹೇಳುವಂತಿಲ್ಲ, ಹೆಸರಿನ ತುಂಡನ್ನೂ ಹೇಳುವಂತಿಲ್ಲ. ಹನ್ನೊಂದು ವರ್ಷ ಚಿನ್ನದ ಗಣಿಯಲ್ಲಿ ದುಡಿದರೂ ಆ ಪದ ಅವಳ ಬಾಯಿಂದ ಬಂದಿರಲಿಲ್ಲ.

"ನೋಡಿ, ಹೇಳೋಕೇ ಆಗ್ತಿಲ್ಲ ಕಳ್ಳಿಗೆ!" ಎಂದ ಸಾದಿಕೋವ್. "ಶುಕ್ರವಾರ ಗಣಿ ಕೊಟ್ಟ ಮನೆ ಬೀಗದ ಕೈ ಈ ಮೇಜಿನ ಮೇಲಿರ್ಬೇಕು. ನೀರಿನ ಪಟ್ಟಿಯಿಂದಲೂ ನಿನ್ನ ಹೆಸರು ತೆಗೀತೀನಿ."

ನೀರಿನ ಟ್ಯಾಂಕರು ಪಟ್ಟಿಯಲ್ಲಿದ್ದ ಮನೆಗಳ ಮುಂದೆ ಮಾತ್ರ ನಿಲ್ಲುತ್ತಿತ್ತು. ಪಟ್ಟಿಯಾಚೆ ಇನ್ನೂರು ಕಿಲೋಮೀಟರ್ ಮರಳು.

"ಶುಕ್ರವಾರದವರೆಗೆ ಕೆಲಸಕ್ಕೆ ಬರ್ಲಿ," ಎಂದ ಬಖ್ತಿಯಾರ್ ಗಡಿಬಿಡಿಯಿಂದ. "ನೂರಾಹದಿನಾಲ್ಕನೇ ಬೋರ್ ಮುಗೀಬೇಕು. ಗುರುವಾರ ತಾಷ್ಕೆಂಟಿಂದ ದೊಡ್ಡವರು ಬರ್ತಿದಾರೆ."

ಮರುದಿನ ಬುಧವಾರ. ಶೆಡ್ಡಿನಲ್ಲಿ ನೂರಾಹದಿನಾಲ್ಕನೇ ಬೋರಿನ ಕಲ್ಲುಕೋಲುಗಳು ಉದ್ದುದ್ದ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಮುನ್ನೂರು ಮೀಟರ್, ಎಲ್ಲವೂ ಕಪ್ಪು. ಒಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತು, ಸತ್ತ ಜೀವಿಗಳ ಕೆಸರು ತಳದಲ್ಲಿ ಪದರಪದರವಾಗಿ ಕೂತು ಕಲ್ಲಾಯಿತು, ಭೂಮಿ ಮಡಿಚಿಕೊಂಡಾಗ ಬಿರುಕುಗಳಲ್ಲಿ ಬಿಸಿನೀರು ಏರಿ ಬಂತು, ಅದರಲ್ಲಿ ಕರಗಿದ್ದ ಚಿನ್ನ ಆರ್ಸೆನಿಕ್ಕಿನ ಜೊತೆ ಈ ಕರಿ ಪದರಗಳಲ್ಲಿ ಇಳಿದು ಕೂತಿತು ಎಂದು ಬಖ್ತಿಯಾರ್ ಹೇಳಿದ್ದ. ಆಗ ದಾಮೇಶ್, "ಅಂದ್ರೆ ಆ ಸಮುದ್ರ ಹೋಗುವಾಗ ನೀರೆಲ್ಲ ಹೊತ್ಕಂಡು ಹೋಗಿ ವಿಷ ಮಾತ್ರ ನಮಗೆ ಬಿಟ್ಟು ಹೋತು ಅನ್ನಿ," ಎಂದಿದ್ದಳು.

ಯಾವ ಪದರದಲ್ಲಿ ಕೂತಿದೆ ಎಂಬುದನ್ನು ಕಣ್ಣು ಹೇಳುತ್ತಿರಲಿಲ್ಲ. ಮೂಗು ಹೇಳುತ್ತಿತ್ತು. ಆರ್ಸೆನಿಕ್ ಇರುವ ಕಲ್ಲಿಗೆ ಸುತ್ತಿಗೆ ಬಿದ್ದರೆ, ಗರಗಸ ತಾಗಿದರೆ ಬೆಳ್ಳುಳ್ಳಿಯ ವಾಸನೆ ಏಳುತ್ತದೆ. ವಾಸನೆ ಎಲ್ಲಿ ಗಾಢವೋ ಅಲ್ಲಿ ಹಳದಿಯೂ ಇರುವ ಸಂಭವ ಹೆಚ್ಚು. ಕುಲ್ಯಾಶ್ ಕಲ್ಲು ಸೀಳುತ್ತಾ "ಇಲ್ಲಿಂದ... ಇಲ್ಲಿಗೆ" ಎನ್ನುತ್ತಿದ್ದಳು. ಬಖ್ತಿಯಾರ್ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಆ ಮೀಟರುಗಳು ಮಾತ್ರ ಲ್ಯಾಬಿಗೆ ಹೋಗುತ್ತಿದ್ದವು. ಹೋದ ವರ್ಷ ಬಖ್ತಿಯಾರನ ತೀಕ್ಷ್ಣ ದೃಷ್ಟಿಗೆ ಒಂದು ಪದಕವೂ ಬಂದಿತ್ತು.

ದೂಳು ಅಡಗಿಸಲು ನೀರಿಲ್ಲವೆಂದು ಗರಗಸ ಒಣದಾಗಿಯೇ ಓಡುತ್ತಿತ್ತು. ದೂಳು ಹೆಂಗಸರ ರೆಪ್ಪೆಯ ಮೇಲೆ, ಚಹಾದ ಬಟ್ಟಲಿನಲ್ಲಿ, ಮೂಗಿನಲ್ಲಿ ಕೂರುತ್ತಿತ್ತು. ವಾರಕ್ಕೊಮ್ಮೆ ಯಾರದೋ ಮೂಗಿನಿಂದ ರಕ್ತ ಬರುತ್ತಿತ್ತು. ಕಲ್ಲು ಅರೆಯುವ ಗಂಡಸರಿಗೆ ಮಾಸ್ಕ್ ಕೊಟ್ಟಿದ್ದರು. ಹೆಂಗಸರು ಕೇಳಿದಾಗ ಬಖ್ತಿಯಾರ್ ನಕ್ಕಿದ್ದ. "ಮಾಸ್ಕ್ ಹಾಕ್ಕೊಂಡ್ರೆ ಮೂಸೋದು ಹೇಗೆ?"

ಈಗ ಅವನು ಸೀಮೆಸುಣ್ಣ ಹಿಡಿದು ಬಂದ. ಕುಲ್ಯಾಶ್ ಮೊದಲ ಕೋಲನ್ನು ಗರಗಸಕ್ಕೆ ಕೊಟ್ಟಳು. ಅದು ಚೀರಿತು. ಕರಿ ದೂಳು ಎದ್ದಿತು.

"ಹೇಳು. ಎಲ್ಲಿಂದ?"

"ಏನೂ ಗೊತ್ತಾಗ್ತಿಲ್ಲ ಸಾಹೇಬ್ರೇ. ನೆಗಡಿ. ನಿನ್ನೆ ಆಫೀಸ್ನಾಗೆ ಬಾಳ ತಣ್ಣಗಿತ್ತು, ನೀವಿದ್ರಲ್ಲ."

ಹೊರಗೆ ನಲವತ್ತು ಡಿಗ್ರಿ ಬಿಸಿಲು. ಬಖ್ತಿಯಾರ್ ದಾಮೇಶಳ ಕಡೆ ತಿರುಗಿದ.

"ನೀನು ಮೂಸು."

"ನನಗೂ ಹತ್ತೈತೆ," ದಾಮೇಶ್ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿದಳು. "ಅಂಟುಜಾಡ್ಯ ಅಲ್ವಾ."

"ನೀನು?"

ಹತ್ತೊಂಬತ್ತು ವರ್ಷದ ಗುಲ್ಸಾರಾಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವಳು ಜೋರಾಗಿ ಸೀನಲು ಹೋಗಿ ಬಿಕ್ಕಿದಳು. ದಾಮೇಶ್ ಅವಳ ಬೆನ್ನು ತಟ್ಟಿ, "ಪಾಪ, ಇದಕ್ಕೆ ಎದಿಗೇ ಇಳಿದೈತೆ," ಎಂದಳು.

ಮಧ್ಯಾಹ್ನದ ತನಕ ಗರಗಸ ಕೂಗಿತು. ನಲವತ್ತು ಮೀಟರ್ ಸೀಳಿದರು. ಒಂದು ಕೆಂಪು ಗೆರೆಯೂ ಬೀಳಲಿಲ್ಲ. ಬಖ್ತಿಯಾರ್ ಒಂದು ತುಂಡು ಎತ್ತಿ ಭೂತಗನ್ನಡಿ ಹಿಡಿದು ನೋಡಿದ. ಕಪ್ಪು. ಇನ್ನೊಂದು ನೋಡಿದ. ಕಪ್ಪು. ದಾಮೇಶ್ ಅವನಿಗೂ ಒಂದು ಬಟ್ಟಲು ಚಹಾ ಬಗ್ಗಿಸಿದಳು.

"ಕುಡೀರಿ. ಕಣ್ಣು ನೋಯ್ತಾವೆ. ಪದಕದ ಕಣ್ಣು, ಜೋಪಾನ."

ಅವನು ಚಹಾ ಮುಟ್ಟಲಿಲ್ಲ. "ಏನು ಬೇಕು ನಿಮಗೆ? ನಾಳೆ ನಾನವರಿಗೆ ಏನು ತೋರಿಸ್ಲಿ?"

ಕುಲ್ಯಾಶ್ ಗರಗಸ ನಿಲ್ಲಿಸಿದಳು.

"ಆ ಕಲ್ಲಾಗೆ ಏನೂ ಇಲ್ಲ ಅಂತ ಗೇಟಿನಾಗೆ ಹೇಳ್ರಿ. ಎಲ್ಲಾರ ಎದುರಿಗೆ. ಆಮೇಲೆ ನಮಗೂ ಮಾಸ್ಕ್ ಕೊಡ್ರಿ."

"ಮಾಸ್ಕ್ ನನ್ನ ಕೈಲಿಲ್ಲ."

"ಗೇಟು?"

ಸೀಳಲು ಇನ್ನೂ ಇನ್ನೂರ ಅರವತ್ತು ಮೀಟರ್ ಇತ್ತು. ಅವನು ಪೆಟ್ಟಿಗೆಗಳ ಸಾಲನ್ನು ಒಮ್ಮೆ ನೋಡಿ, "ಆಯ್ತು," ಎಂದ.

ಸಂಜೆ ಗೇಟಿನಲ್ಲಿ ಬಾಯಿ ತೆರೆದು ನಿಂತವರ ಸಾಲಿನ ಪಕ್ಕ ಬಖ್ತಿಯಾರ್ ಬಂದು ನಿಂತ. ಪಾಲಿಶ್ ಬೂಟಿನ ಮೇಲೆ ದೂಳಿತ್ತು.

"ಸಾದಿಕೋವ್, ಆ ಕಲ್ಲು... ಪೈರೈಟ್ ಅದು."

"ಜೋರಾಗಿ ಹೇಳ್ರಿ ಸಾಹೇಬ್ರೇ," ಎಂದಳು ದಾಮೇಶ್. "ನೆಗಡಿಗೆ ಕಿವಿನೂ ಕಟ್ಟೈತೆ."

"ಅದ್ರಲ್ಲಿ ಚಿನ್ನ ಇಲ್ಲ! ಹೊಳೆಯೋದ್ರಲ್ಲಿ ಯಾವತ್ತೂ ಇರಲ್ಲ!"

ಸಾದಿಕೋವನ ಕೆನ್ನೆ ಕೆಂಪಾಯಿತು. ನಾಲ್ಕು ವರ್ಷ ಟಾರ್ಚು ಹಿಡಿದು ಹೊಳೆಯುವುದನ್ನೇ ಹುಡುಕಿದ್ದ. ಒಳಗೆ ಹೋಗಿ ಕಲ್ಲು ತಂದು ಕುಲ್ಯಾಶಳ ಕಾಲ ಬಳಿ ಎಸೆದ. "ತಗೊಂಡ್ಹೋಗು, ಸೂಳೇಮಗಂದು!"

ಅವಳು ಬಗ್ಗಿ ಎತ್ತಿಕೊಂಡಳು. ಕೊಡವಿ ಚೀಲಕ್ಕೆ ಹಾಕಿಕೊಂಡಳು.

"ಬೀಗದ ಕೈ ಬ್ಯಾಡ್ವಾ ಸಾಹೇಬ್ರೇ?"

"ಹೋಗೇ!"

"ಬೆಳಿಗ್ಗೆ ಎಂಟಕ್ಕೆ," ಎಂದ ಬಖ್ತಿಯಾರ್ ಅವಳ ಬೆನ್ನ ಹಿಂದೆ. "ದೊಡ್ಡವರು ಹತ್ತಕ್ಕೆ ಬರ್ತಾರೆ. ನಿನ್ನ ನೆಗಡಿ..."

"ಬೆಳಿಗ್ಗೆ ಹೊತ್ತಿಗೆ ವಾಸಿ ಆಗ್ತೈತೆ."

ಮನೆಯಲ್ಲಿ ಮಾವ ಗೋಡೆಗೆ ಒರಗಿ ಕೂತಿದ್ದ. ಗಣಿ ಬರುವ ಮೊದಲು ಕುರುಬರಿಗೆ ಬಾವಿ ತೋಡುತ್ತಿದ್ದವನು. ಮಣ್ಣು ನೆಕ್ಕಿ ನೀರಿನ ರುಚಿ ಹೇಳುತ್ತಿದ್ದವನು. ಮಗ ರಷ್ಯಾದಲ್ಲಿ ಇಟ್ಟಿಗೆ ಹೊರಲು ಹೋದ ಮೇಲೆ ಸೊಸೆಯನ್ನು ರೇಗಿಸುವುದೇ ಅವನ ಉದ್ಯೋಗವಾಗಿತ್ತು. ಕುಲ್ಯಾಶ್ ಮೊಸರಿನ ಗಂಟಿನ ಮೇಲೆ ಕಲ್ಲು ಹೇರಿದಳು. ಗೇಟಿನ ಕಥೆ ಹೇಳಿದಳು.

"ಹೊಳೆಯೋದ್ರಾಗೆ ಇರಲ್ಲ ಅಂತ ಈಗ ಗೊತ್ತಾತಾ ಅವನಿಗೆ?" ಮುದುಕ ನಕ್ಕ. "ಆ ಗುಡ್ಡದ ಬುಡದಾಗೆ ನಾನು ಬಾವಿ ತೋಡಿದಾಗ ಕುರಿ ನೀರು ಮೂಸಿ ಹಿಂದಕ್ಕೆ ಸರಿದಿದ್ವು. ಕುರಿಗೂ ಒಂದು ಪದಕ ಕೊಡ್ಬೇಕಿತ್ತು. ಏನವ್ವಾ, ಇವತ್ತಾದ್ರೂ ನನ್ ಹೆಸರು ಹೇಳಿದ್ಯಾ?"

"ಇಲ್ಲ ಮಾವ. ಬೈಸ್ಕಂಡೆ, ಹೇಳ್ಲಿಲ್ಲ."

ಗೆದ್ದ ಖುಷಿಗೆ ಅವಳು ಪಲಾವ್ ಮಾಡಲು ಕೂತಳು. ಕುರಿ ಕೊಬ್ಬು ಕರಗಿಸಿ, ಕ್ಯಾರೆಟ್ ಹಾಕಿ, ಅಕ್ಕಿ ಹರಡಿ, ನಡುವೆ ಇಡೀ ಬೆಳ್ಳುಳ್ಳಿ ಗಡ್ಡೆಗಳನ್ನು ಹುಗಿದಳು. ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಹೊಡೆಯಿತು.

"ಆಹಾ," ಎಂದ ಮುದುಕ ಮೂಲೆಯಿಂದ. "ಬೆಳ್ಳುಳ್ಳಿ ಘಮ ಬೀದಿಗೆ ಹೊಡಿತೈತೆ. ದಾಮೇಶ್ ಈಗ ಬಟ್ಟಲು ಹಿಡ್ಕಂಡು ಬತ್ತಾಳೆ ನೋಡು."

ಕುಲ್ಯಾಶ್ ಮತ್ತೆ ಬಗ್ಗಿದಳು. ಬಿಸಿ ತಾಗಿತು. ಬೇರೇನೂ ಇಲ್ಲ. ಹಸಿ ಬೆಳ್ಳುಳ್ಳಿಯ ಎಸಳೊಂದನ್ನು ಚಾಕುವಿನ ಮೈಯಿಂದ ಜಜ್ಜಿ ಮೂಗಿಗೆ ಹಿಡಿದಳು. ಕಣ್ಣು ಉರಿಯಿತು, ನೀರು ಬಂತು. ವಾಸನೆ ಬರಲಿಲ್ಲ. ಕೊನೆಯ ಸಲ ಯಾವಾಗ ಬಂದಿತ್ತೆಂದು ನೆನೆದಳು. ಸೋಮವಾರ ಒಂದು ಕೋಲು ತೋರಿಸಿದ್ದಳಲ್ಲ. ಅದು ಮೂಗು ಹೇಳಿದ್ದೋ, ಕೈ ಅಭ್ಯಾಸದಿಂದ ಹೇಳಿದ್ದೋ, ತಿಳಿಯಲಿಲ್ಲ.

"ಯಾಕವ್ವಾ, ಅಳ್ತೀಯಾ?"

"ಈರುಳ್ಳಿ ಮಾವ."

"ಈರುಳ್ಳಿ ಹಾಕೇ ಇಲ್ವಲ್ಲೇ ನೀನು," ಎಂದ ಮುದುಕ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಖ್ತಿಯಾರ್ ಶೆಡ್ಡಿಗೆ ಬಂದ. ಬೂಟಿಗೆ ಮತ್ತೆ ಪಾಲಿಶ್ ಬಿದ್ದಿತ್ತು, ಕೈಯಲ್ಲಿ ಹೊಸ ಸೀಮೆಸುಣ್ಣ. ದೊಡ್ಡವರು ಬರುತ್ತಾರೆಂದು ಗರಗಸದ ಪಕ್ಕ ಎರಡು ಡ್ರಮ್ ನೀರು ತುಂಬಿಸಿ ಇಟ್ಟಿದ್ದರು.

ಕುಲ್ಯಾಶ್ ತಲೆವಸ್ತ್ರ ಬಿಚ್ಚಿ ನೀರಲ್ಲಿ ಅದ್ದಿ ಹಿಂಡಿದಳು. ಎರಡು ಮಡಿಕೆ ಮಾಡಿ ಮೂಗು ಬಾಯಿ ಮುಚ್ಚುವಂತೆ ಹಿಂದೆ ಬಿಗಿದು ಕಟ್ಟಿದಳು. ಗುಲ್ಸಾರಾಳ ವಸ್ತ್ರವನ್ನೂ ಅದ್ದಿದಳು. ಹುಡುಗಿಯ ಗಲ್ಲ ಹಿಡಿದು, ತಾನೇ ಗಂಟು ಹಾಕಿ, ಎಳೆದು ನೋಡಿದಳು. ದಾಮೇಶ್ ಒಂದು ಗಳಿಗೆ ಅವಳ ಕಣ್ಣು ನೋಡಿ, ತನ್ನದನ್ನೂ ಬಿಚ್ಚಿ ಅದ್ದಿದಳು.

"ಏನಿದು?" ಎಂದ ಬಖ್ತಿಯಾರ್. "ಮಾತು ಕೊಟ್ಟಿದ್ದೆ ನೀನು. ಬಿಚ್ಚು ಅದನ್ನ. ಸಾದಿಕೋವ್‌ನ ಕರೀಬೇಕಾ? ಮನೆ ಬೀಗ ಇನ್ನೂ ಅವನ ಕೈಯಳತೇಲೇ ಇದೆ!"

"ಕರೀರಿ. ಅವ್ರೂ ಮೂಸ್ಲಿ."

ಅವಳು ಕಪ್ಪು ಕೋಲೊಂದನ್ನು ಎತ್ತಿ ಕಲ್ಲುಹಾಸಿನ ಮೇಲಿಟ್ಟಳು. ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದಳು. ಕೋಲು ಎರಡು ಹೋಳಾಯಿತು, ಸಣ್ಣಗೆ ದೂಳು ಎದ್ದಿತು.

"ಬಗ್ಗಿ, ಸಾಹೇಬ್ರೇ. ಇನ್ನೂ ಹತ್ರ."

ಹೊರಗೆ ದೂರದಲ್ಲಿ ಜೀಪುಗಳ ಸದ್ದು ಕೇಳಿಸಿತು. ಹತ್ತಕ್ಕೆ ಬರಬೇಕಾದವರು ಮೊದಲೇ ಬಂದಿದ್ದರು. ಬಖ್ತಿಯಾರ್ ಬಾಗಿಲ ಕಡೆ ನೋಡಿದ, ಪೆಟ್ಟಿಗೆಗಳ ಕಡೆ ನೋಡಿದ. ಆಮೇಲೆ ಪ್ಯಾಂಟಿನ ಮಂಡಿ ತುಸು ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತ. ಕಲ್ಲಿನ ಮೇಲೆ ಬಗ್ಗಿದ. ಮೂಗಿನ ತುದಿಗೆ ಮಸಿ ಹತ್ತಿತು.

ಕಟ್ಟಿದ ಬಟ್ಟೆಗಳ ಮೇಲೆ ಆರು ಕಣ್ಣು ಅವನನ್ನೇ ನೋಡುತ್ತಿದ್ದವು.

"ಎಳೀರಿ ಉಸ್ರು," ಎಂದಳು ಕುಲ್ಯಾಶ್. ಸುತ್ತಿಗೆ ಮತ್ತೆ ಎತ್ತಿದಳು. "ಸೀಳಿದ್ದೂ ಸೇರಿ ಮುನ್ನೂರು ಮೀಟರ್ ಐತೆ."