ಮೂರು ಬಣ್ಣದ ವೈರು

ಸನಮಡಿಯ ಶಿವಲಿಂಗವ್ವನ ಮನೆಗೆ ಬಂದ ಹೊಸ ಎಚ್‌ಡಿ ಟಿವಿಗೆ ಮಹಾಂತ ಹಳೆಯ ವೈರನ್ನೇ ಸಿಗಿಸಿ ಬಂದಿದ್ದ. ಕೆಂಪು, ಹಳದಿ, ಬಿಳಿ ಪಿನ್ನಿನ ಓಬೀರಾಯನ ಕಾಲದ ವೈರು. ಎಚ್‌ಡಿಎಂಐ ವೈರು ಹಾಕದಿದ್ದರೆ ಎಂಥ ಟಿವಿಯಲ್ಲೂ ಚಿತ್ರ ಮಸುಕೇ. ಜತ್ತದಲ್ಲಿ ಡಿಶ್ ಕೂಡಿಸಿಯೇ ಹೊಟ್ಟೆ ಹೊರೆಯುವವನಿಗೆ ಇದು ಗೊತ್ತಿಲ್ಲವೆ? ಆದರೆ ಆ ಹೊಸ ವೈರನ್ನು ಅಂಗಡಿಯಲ್ಲೇ ಮರೆತಿದ್ದ. ಮತ್ತೆ ಹೋಗಿ ತರಲು ಮೈಗಳ್ಳತನ.

"ಮಂದಿ ಮಾರಿ ಎಲ್ಲಾ ಕಲಸಿದಂಗ ಕಾಣ್ತಾವಲ್ಲೊ ತಮ್ಮಾ," ಎಂದಿದ್ದಳು ಮುದುಕಿ.

"ಟಿವಿ ಚಲೋ ಐತ್ರಿ ಆಯಿ. ನಿಮ್ಮ ಕಣ್ಣಿಗೇ ಪೊರಿ ಬಂದೈತಿ," ಎಂದು ನಕ್ಕು ಗಾಡಿ ಹತ್ತಿದ್ದ.

ಆಡಿದ ಮಾತು ಆಡಿದಲ್ಲೇ ಉಳಿಯುವುದಿಲ್ಲ. ಜತ್ತದ ಸಂತೆಯಲ್ಲಿ ಮುದುಕಿಯ ಸೊಸೆ ನಂದಾ ಸಿಕ್ಕಳು. "ಅತ್ತಿ ಕೌದಿ ಹೊಲಿಯೂದ ಬಿಟ್ಟಾರ್ರಿ. ಮೊಮ್ಮಗಳ ಕೂಸಿಗೆ ಹಾಸಾಕಂತ ಹಚ್ಚಿದ್ರು. ನಾ ಕಣ್ಣ ಕಾಣದಾಕಿ, ಸೂಜಿ ಮುರದು ಒಳಗ ಉಳದ್ರ ಕೂಸಿಗೆ ಚುಚ್ಚೂದಿಲ್ಲೇನು ಅಂತಾರ."

ಕೂಸು ಆಗಲೇ ಹುಟ್ಟಿ, ಅಂಗಡಿಯಲ್ಲಿ ಕೊಂಡ ಚಾದರದ ಮೇಲೆ ಮಲಗಿತ್ತಂತೆ. ಮಹಾಂತನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೊಸ ವೈರು ಹಿಡಿದು ಹೋಗಿ ಹಾಕಿದ. ತೆರೆಯ ಮೇಲಿನ ಹೆಣ್ಣಿನ ಮೂಗುತಿಯ ಹರಳೂ ಹೊಳೆಯಿತು. ಶಿವಲಿಂಗವ್ವ ಕೂಸಿನಂತೆ ಚಪ್ಪಾಳೆ ತಟ್ಟಿದಳು.

"ಅಯ್ಯ ಶಿವನ, ನನ್ನ ಕಣ್ಣ ನೆಟ್ಟಗ ಅದಾವಲ್ಲೊ! ವೈರ ಕೆಟ್ಟಿತ್ತೇನು?"

"ಹೂಂನ್ರಿ, ಕೆಟ್ಟಿತ್ರಿ," ಎಂದ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು, ನಾಚಿಕೆಗೇಡಿಗೆ.

ಮುದುಕಿ ಕೌದಿ ಬಿಡಿಸಿದಳು. ಹೊಲಿಯದೆ ಉಳಿದದ್ದು ನಡುವಿನ ಅಂಗೈಯಗಲದ ಜಾಗವಷ್ಟೇ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ, ಸೊಸೆಯಿಂದ ಮಹಾಂತನಿಗೆ ಚಾ, ಕೌದಿಗೆ ರೊಟ್ಟಿಯ ಚೂರು ತರಿಸಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಚೂರು ರೊಟ್ಟಿ ಇಟ್ಟೇ ಮುಚ್ಚಬೇಕು ಎಂಬುದು ಆ ಕಡೆಯ ನೇಮ.

ಆ ಚೂರನ್ನು ಮಹಾಂತನ ಅಂಗೈಯಲ್ಲಿಟ್ಟಳು. "ಮನಸಿನ್ಯಾಗ ಕಪಟ ಇಲ್ಲದವರ ಕೈಲೆ ಇಡಸಬೇಕಪ್ಪ. ಯಾರೂ ಕರೀದನ ಬಂದು ವೈರ ಹಾಕಿದಿ, ನೀನ ಇಡು."

ಮಹಾಂತನ ಕೈ ಮುಂದೆ ಹೋಗಲಿಲ್ಲ.

"ಆಯಿ, ವೈರ ಕೆಟ್ಟಿರಲಿಲ್ರಿ. ಹೊಸಾದು ತರೂದು ಬ್ಯಾಸರಾಗಿ ನಾನ ಹಳೇದು ಹಾಕಿದ್ದೆ. ಗೊತ್ತಿದ್ದೂ ನಿಮ್ಮ ಕಣ್ಣಿನ ಮ್ಯಾಲ ತಪ್ಪ ಹೊರಿಸಿದೆ."

ಶಿವಲಿಂಗವ್ವ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನ ಅಂಗೈಯಿಂದ ರೊಟ್ಟಿಯ ಚೂರನ್ನು ತಿರುಗಿ ತೆಗೆದುಕೊಂಡು, ತಾನೇ ಒಳಗಿಟ್ಟು, ಹೊಲಿಯತೊಡಗಿದಳು. ಒಂದು ಹೊಲಿಗೆಯೂ ಡೊಂಕಾಗಲಿಲ್ಲ.

"ಚಾ ಆರತೈತಿ, ಕುಡಿ," ಎಂದಳು, ತಲೆ ಎತ್ತದೆ.